ಜೂನ್‌ನಿಂದ ಸೆಪ್ಟೆಂಬರ್: ನಮ್ಮ ಕಡಲತೀರವನ್ನು ನಾವು ನೋಡಿಕೊಂಡ ಬಗೆ

ಕಾರವಾರ ಮತ್ತು ಅಂಕೋಲಾ ನಡುವೆ, ರಾಷ್ಟ್ರೀಯ ಹೆದ್ದಾರಿ 66ರಿಂದ ಇಳಿದು ಗಾಳಿಮರಗಳ ತೋಪು ದಾಟಿದರೆ ಸಿಗುವ ಸಣ್ಣ ತೀರ ನಮ್ಮದು. ತೋಪಿನ ಅಂಚಿನಲ್ಲಿ ನಾನು ಖಾನಾವಳಿ ನಡೆಸುತ್ತೇನೆ. ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಇಲ್ಲಿ ಕಸದ ಡಬ್ಬಿಗಳಿರುತ್ತವೆ, ಬೆಳಿಗ್ಗೆ ಗುಡಿಸುವವರು ಬರುತ್ತಾರೆ, ಶೌಚಾಲಯ ತೆರೆದಿರುತ್ತದೆ, ರಾತ್ರಿ ದೀಪ ಉರಿಯುತ್ತದೆ. ಜೂನ್ ಬಂತೆಂದರೆ ಇದೆಲ್ಲ ಒಂದೇ ವಾರದಲ್ಲಿ ನಿಂತುಹೋಗುತ್ತಿತ್ತು. ಡಬ್ಬಿಗಳನ್ನು ಹೊತ್ತುಕೊಂಡು ಹೋಗುತ್ತಿದ್ದರು, ಶೌಚಾಲಯಕ್ಕೆ ಬೀಗ ಬೀಳುತ್ತಿತ್ತು. ಕೇಳಿದರೆ ‘ಸೀಸನ್ ಮುಗಿಯಿತಲ್ಲ’ ಎಂಬ ಉತ್ತರ.

ಈ ಉತ್ತರ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ಸೀಸನ್ ಮುಗಿಯುವುದು ಪ್ರವಾಸಿಗರಿಗೆ. ಇಲ್ಲಿ ವಾಸ ಮಾಡುವವರಿಗೆ, ಇದೇ ಮರಳಿನ ಮೇಲೆ ದೋಣಿ ಎಳೆದಿಟ್ಟಿರುವವರಿಗೆ, ಬುಟ್ಟಿ ಹೊತ್ತು ಮೀನು ಮಾರುವ ಹೆಂಗಸರಿಗೆ ತೀರ ಹನ್ನೆರಡು ತಿಂಗಳೂ ಬೇಕು. ಅದಕ್ಕಿಂತ ಮುಖ್ಯವಾದ ಮಾತೆಂದರೆ, ತೀರಕ್ಕೆ ಅತಿ ಹೆಚ್ಚು ಆರೈಕೆ ಬೇಕಾಗುವುದು ಮಳೆಗಾಲದ ಆ ನಾಲ್ಕು ತಿಂಗಳುಗಳಲ್ಲೇ. ಇದನ್ನು ನಾನು ಕಲಿತದ್ದು ಕೆಲಸಕ್ಕೆ ಇಳಿದ ಮೇಲೆ.

ಮೊದಲು ಮರಳಿನ ವಿಷಯ ಹೇಳಬೇಕು. ಮಳೆಗಾಲದ ಎತ್ತರದ ಅಲೆಗಳು ದಡದ ಮರಳನ್ನು ಕೆರೆದು ಒಯ್ದು ಸ್ವಲ್ಪ ದೂರದ ನೀರಿನಡಿಯಲ್ಲಿ ದಿಣ್ಣೆಯಾಗಿ ಹಾಕುತ್ತವೆ. ಅಲೆಗಳ ಅಬ್ಬರ ತಗ್ಗಿದ ಮೇಲೆ ಅದೇ ಮರಳು ಮೆಲ್ಲಗೆ ದಡಕ್ಕೆ ವಾಪಸು ಬರುತ್ತದೆ. ಪ್ರತಿ ವರ್ಷ ನಡೆಯುವ ಲೆಕ್ಕಾಚಾರ ಇದು. ಜುಲೈ ಹೊತ್ತಿಗೆ ನಮ್ಮ ತೀರ ಎಷ್ಟು ತಗ್ಗುತ್ತದೆ ಎಂದರೆ ಅಂಚಿನ ಗಾಳಿಮರಗಳ ಬೇರುಗಳು ಹೊರಬಿದ್ದು ನೇತಾಡುತ್ತಿರುತ್ತವೆ, ಕಲ್ಲುಬೆಂಚಿನ ಪಾಯ ಕಾಣುತ್ತದೆ. ಆಗ ಚಳಿಗಾಲದಲ್ಲಿ ಜನರು ಮರಳಿನಲ್ಲಿ ಹೂತುಬಿಟ್ಟದ್ದೆಲ್ಲ ಮೇಲೆ ಬರುತ್ತದೆ: ಬಿಯರ್ ಬಾಟಲಿ, ಚಿಪ್ಸ್ ಪೊಟ್ಟಣ, ಒಂಟಿ ಚಪ್ಪಲಿ, ಡಯಾಪರ್, ಹರಿದ ಬಲೆ. ಕೆಲವು ಪೊಟ್ಟಣಗಳ ಮೇಲೆ ಹಲವು ವರ್ಷ ಹಿಂದಿನ ತಯಾರಿಕೆಯ ದಿನಾಂಕ ಇನ್ನೂ ಸ್ಪಷ್ಟವಾಗಿ ಓದಲು ಬರುತ್ತದೆ. ಇವನ್ನು ಆಗಲೇ ಎತ್ತಬೇಕು. ಬಿಟ್ಟರೆ ಸೆಪ್ಟೆಂಬರ್ ಕೊನೆಯಲ್ಲಿ ಮರಳು ಬಂದು ಮುಚ್ಚುತ್ತದೆ, ಅಕ್ಟೋಬರ್‌ನಲ್ಲಿ ಬಂದವರಿಗೆ ತೀರ ಚೊಕ್ಕಟವಾಗಿ ಕಾಣುತ್ತದೆ, ಕಸ ಮಾತ್ರ ಅಡಿಯಲ್ಲಿ ಹಾಗೆಯೇ ಉಳಿದಿರುತ್ತದೆ.

ಜೂನ್ 5ರ ವಿಶ್ವ ಪರಿಸರ ದಿನಕ್ಕೂ ಸೆಪ್ಟೆಂಬರ್ ಮೂರನೇ ಶನಿವಾರದ ಅಂತರರಾಷ್ಟ್ರೀಯ ಕಡಲತೀರ ಸ್ವಚ್ಛತಾ ದಿನಕ್ಕೂ ಶಾಲೆಯ ಮಕ್ಕಳು, ನೌಕರರು ಕೈಗವಸು ತೊಟ್ಟು ಬರುತ್ತಾರೆ. ಅವರು ಬರುವುದು ನನಗೆ ನಿಜವಾಗಿಯೂ ಸಂತೋಷ. ಆದರೆ ಕಸ ಬಯಲಾಗಿ ಬಿದ್ದಿರುವುದು ಆ ಎರಡು ದಿನಗಳ ನಡುವಿನ ಅವಧಿಯಲ್ಲಿ.

ಇದರ ಮೇಲೆ ನದಿಗಳು ತರುವ ಪಾಲು ಬೇರೆ. ನಮಗೆ ಉತ್ತರದಲ್ಲಿ ಕಾಳಿ, ದಕ್ಷಿಣದಲ್ಲಿ ಗಂಗಾವಳಿ. ಗಂಗಾವಳಿಯನ್ನು ಸೇರುವ ಶಾಲ್ಮಲಾ ಹುಟ್ಟುವುದು ಧಾರವಾಡದ ಸೋಮೇಶ್ವರದಲ್ಲಿ. ಘಟ್ಟದ ಮೇಲಿನ ಊರುಗಳ ಹಳ್ಳಕ್ಕೆ ಬಿದ್ದ ಬಾಟಲಿ ದೊಡ್ಡ ಮಳೆಗೆ ಸಮುದ್ರ ಮುಟ್ಟುತ್ತದೆ, ಸಮುದ್ರ ಅದನ್ನು ದಡಕ್ಕೆ ಎಸೆಯುತ್ತದೆ. ಕದ್ರಾ ಅಣೆಕಟ್ಟಿನ ಬಾಗಿಲು ತೆರೆದರೆಂದು ಸುದ್ದಿ ಬಂದರೆ ನಾವು ಗೋಣಿಚೀಲ ಹೊಂದಿಸಿಕೊಳ್ಳುತ್ತೇವೆ.

ಕೆಲಸಕ್ಕೆ ಯಾವ ಹೊತ್ತು ಸರಿ ಎಂಬುದನ್ನು ನನಗೆ ಕಲಿಸಿದವರು ಊರಿನ ಒಬ್ಬ ಹಿರಿಯ ತಾಂಡೇಲರು, ಅಂದರೆ ದೋಣಿ ನಡೆಸುವ ಮುಖ್ಯಸ್ಥರು. ‘ತಂಗೀ, ದಿನಾ ಗುಡಿಸಿ ಸೋಲಬೇಡ. ಅಮಾವಾಸ್ಯೆಯ ಉಬ್ಬರ ಹತ್ತಿ ಇಳಿಯಲಿ. ಸಮುದ್ರವೇ ಎಲ್ಲವನ್ನೂ ಒಂದು ಸಾಲಿಗೆ ತಂದು ಇಡುತ್ತದೆ’ ಎಂದರು. ಅವರ ಮಾತು ಅಕ್ಷರಶಃ ನಿಜ. ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಉಬ್ಬರ ಉಳಿದ ದಿನಗಳಿಗಿಂತ ಮೇಲಕ್ಕೆ ಏರುತ್ತದೆ, ತಾನು ತಂದದ್ದನ್ನು ತೋಪಿನ ಬುಡದವರೆಗೆ ತಳ್ಳಿ ಬಿಟ್ಟು ಹೋಗುತ್ತದೆ. ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಸರಿಯುವುದರಿಂದ, ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಇಳಿತದ ಹೊತ್ತು ಬೆಳಕು ಹರಿದ ಮೇಲೆ ಸಿಗುತ್ತದೆ. ನಾವು ಪಂಚಾಂಗ ನೋಡಿ ಆ ಬೆಳಿಗ್ಗೆಗಳನ್ನು ಮೊದಲೇ ಗುರುತು ಹಾಕಿಕೊಳ್ಳುತ್ತೇವೆ. ಉಳಿದ ದಿನಗಳಲ್ಲಿ ಗಾಜು, ಸೂಜಿ, ಬಲೆಯಂತಹ ಅಪಾಯದ ವಸ್ತು ಕಂಡರೆ ಮಾತ್ರ ಎತ್ತುತ್ತೇವೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಆ ದಿನಗಳಲ್ಲಿ ಬೋಟಿಗೆ ಹೋಗುವ ಹುಡುಗರು ಮನೆಯಲ್ಲೇ ಇರುತ್ತಾರೆ. ಅವರು, ಮಹಿಳಾ ಸ್ವಸಹಾಯ ಸಂಘದ ಸದಸ್ಯೆಯರು, ನನ್ನ ಖಾನಾವಳಿಯವರು, ಇಷ್ಟೇ ನಮ್ಮ ಗುಂಪು. ಸಲಕರಣೆಯೂ ಹೆಚ್ಚಿಲ್ಲ: ಗೋಣಿಚೀಲ, ಬುಟ್ಟಿ, ಕತ್ತಿ, ದರಕು (ಒಣಗಿದ ಎಲೆ) ಬಾಚುವ ಹಲ್ಲಿನ ಕೋಲು. ಒಂದು ನಿಯಮವನ್ನು ಮಾತ್ರ ಯಾರೂ ಮೀರುವಂತಿಲ್ಲ. ಕೆಲಸ ಮಾಡುವಾಗ ಸಮುದ್ರಕ್ಕೆ ಬೆನ್ನು ಹಾಕಬಾರದು, ಒದ್ದೆ ಮರಳಿನ ಗೆರೆ ದಾಟಿ ಕೆಳಗೆ ಇಳಿಯಬಾರದು. ಮಕ್ಕಳನ್ನು ಜುಲೈನಲ್ಲಿ ಕರೆತರುವುದೇ ಇಲ್ಲ.

ಏನನ್ನು ಎತ್ತಬಾರದು ಎಂಬುದೂ ಅಷ್ಟೇ ಮುಖ್ಯ. ಕಡಲ ಪಾಚಿ, ಎಲೆ, ಕಡ್ಡಿಗಳನ್ನು ನಾವು ಮುಟ್ಟುವುದಿಲ್ಲ. ಅವು ಮರಳನ್ನು ಹಿಡಿದಿಡುತ್ತವೆ, ಏಡಿ ಮತ್ತು ಹಕ್ಕಿಗಳಿಗೆ ಅಲ್ಲಿ ಆಹಾರವಿದೆ. ಮರಳ ದಿಬ್ಬದ ಮೇಲೆ ಹಬ್ಬುವ, ಎಲೆ ಎರಡಾಗಿ ಸೀಳಿದಂತಿರುವ, ನೇರಳೆ ಹೂವಿನ ಬಳ್ಳಿಯನ್ನು ಕಳೆಯೆಂದು ಕಿತ್ತುಹಾಕುವವರನ್ನು ನೋಡಿದ್ದೇನೆ. ಅದು ಹೋದರೆ ದಿಬ್ಬವೂ ಹೋಗುತ್ತದೆ, ದಿಬ್ಬ ಹೋದರೆ ಮುಂದಿನ ಸರದಿ ತೋಪಿನದು. ಒಂದು ವರ್ಷ ಅಕ್ಟೋಬರ್‌ಗೆ ತೀರ ‘ಸಿದ್ಧಪಡಿಸಲು’ ಜೆಸಿಬಿ ಕಳುಹಿಸಿದ್ದರು. ನಾಲ್ಕು ತಿಂಗಳ ಕಸವನ್ನು, ಬಳ್ಳಿಯನ್ನು, ದಿಬ್ಬವನ್ನು ಒಟ್ಟಿಗೆ ಉಜ್ಜಿ ಮಟ್ಟ ಮಾಡಿ, ಪ್ಲಾಸ್ಟಿಕ್ಕನ್ನು ಅಲ್ಲೇ ಗುಂಡಿ ತೋಡಿ ಮುಚ್ಚಿದರು. ನಾವು ಅಡ್ಡ ನಿಂತು ನಿಲ್ಲಿಸುವಷ್ಟರಲ್ಲಿ ಅರ್ಧ ದಿಬ್ಬ ಹೋಗಿತ್ತು. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಮರಳ ದಿಬ್ಬಗಳನ್ನು ಹೀಗೆ ಬದಲಿಸುವುದನ್ನು ನಿಷೇಧಿಸಿದೆ. ತಿಂಗಳಿಗೆ ಎರಡು ಬಾರಿ ಕೈಯಿಂದ ಎತ್ತಿದ್ದರೆ ಆ ಯಂತ್ರದ ಬಾಡಿಗೆಯೇ ಬೇಕಿರಲಿಲ್ಲ.

ಮಳೆ ಶುರುವಾಗುವ ಹೊತ್ತಿಗೆ ಡಾಂಬರಿನ ಉಂಡೆಗಳೂ ಬರುತ್ತವೆ. ದೂರದ ಸಮುದ್ರದಲ್ಲಿ ಹಡಗುಗಳಿಂದ ಸೋರಿದ, ಚೆಲ್ಲಿದ ಎಣ್ಣೆ ಗಟ್ಟಿಯಾಗಿ, ನೈಋತ್ಯದ ಗಾಳಿಗೆ ತೇಲಿ ಗೋವಾದ ತೀರಕ್ಕೂ ನಮ್ಮ ತೀರಕ್ಕೂ ಬೀಳುತ್ತದೆ. ಕಾಲಿಗೆ ಅಂಟಿದರೆ ತೆಂಗಿನೆಣ್ಣೆ ಹಚ್ಚಿ ಒರೆಸಬೇಕು, ಸಾಬೂನಿಗೆ ಹೋಗುವುದಿಲ್ಲ. ಇವನ್ನು ಬೇರೆ ಕಸದ ಜೊತೆ ಹಾಕದೆ ಪ್ರತ್ಯೇಕ ಡಬ್ಬದಲ್ಲಿ ತುಂಬುತ್ತೇವೆ. ನೈಲಾನ್ ಬಲೆಗಳು ಬಂದಾಗ ತಡ ಮಾಡುವುದಿಲ್ಲ. ಬಲೆಗೆ ಸಿಕ್ಕ ಆಲಿವ್ ರಿಡ್ಲಿ ಆಮೆಗಳು ದಡಕ್ಕೆ ಬಂದು ಬಿದ್ದದ್ದನ್ನು ಕಂಡಿದ್ದೇವೆ. ಬಲೆ ಕತ್ತರಿಸಿ, ನೆರಳು ಮಾಡಿ, ಅರಣ್ಯ ಇಲಾಖೆಯವರಿಗೆ ಫೋನ್ ಮಾಡುತ್ತೇವೆ. ಬದುಕಿದೆಯೆಂದು ನೀರಿಗೆ ತಳ್ಳಬಾರದು. ದಣಿದ ಆಮೆ ಮಳೆಗಾಲದ ಅಲೆಗೆ ನಿಲ್ಲಲಾರದು.

ಎತ್ತಿದ ಕಸ ಎಲ್ಲಿಗೆ ಹೋಗಬೇಕು? ಎಲ್ಲರೂ ಎಡವುವುದು ಇಲ್ಲಿಯೇ. ಉಪ್ಪುನೀರು, ಮರಳು ಮೆತ್ತಿದ ಪ್ಲಾಸ್ಟಿಕ್ಕನ್ನು ಗುಜರಿಯವರು ತೆಗೆದುಕೊಳ್ಳುವುದಿಲ್ಲ. ಪಂಚಾಯಿತಿಯ ಕಸ ವಿಂಗಡಿಸುವ ಘಟಕವಾದ ಸ್ವಚ್ಛ ಸಂಕೀರ್ಣದಲ್ಲಿಯೂ ಒದ್ದೆ ಮಾಲು ಬೇಡ. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ಕರಾವಳಿಯಲ್ಲಿ ಜುಲೈನಲ್ಲಿ ಒಣಗಿಸುವುದು ಎಲ್ಲಿ? ಮೀನು ಒಣಗಿಸುವ ಹೆಂಗಸರ ತಗಡಿನ ಶೆಡ್ ಆ ತಿಂಗಳುಗಳಲ್ಲಿ ಖಾಲಿ ಇರುತ್ತದೆ. ಅದನ್ನು ಕೇಳಿದೆವು, ಕೊಟ್ಟರು. ಮಳೆನೀರಿನಲ್ಲಿ ಜಾಲಿಸಿ, ಬಲೆಯ ಮೇಲೆ ಹರವಿ, ಬಾಟಲಿ, ಥರ್ಮಾಕೋಲ್, ಚಪ್ಪಲಿ ಎಂದು ಬೇರ್ಪಡಿಸಿ ಇಟ್ಟರೆ ಸ್ವಸಹಾಯ ಸಂಘದವರೇ ನಡೆಸುವ ಕಸದ ಗಾಡಿ, ಸ್ವಚ್ಛ ವಾಹಿನಿ, ಬಂದು ಒಯ್ಯುತ್ತದೆ. ಥರ್ಮಾಕೋಲ್ ಮಾತ್ರ ಇಂದಿಗೂ ತಲೆನೋವು. ಅದನ್ನು ಕೊಳ್ಳುವವರಿಲ್ಲ.

ಈಗ ಶೌಚಾಲಯ. ಬೀಗ ಹಾಕಿದ ಶೌಚಾಲಯದಿಂದ ತೊಂದರೆಯಾಗುವುದು ಪ್ರವಾಸಿಗೆ ಅಲ್ಲ, ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟು ಮೀನು ಮಾರಲು ಬಂದ ಹೆಂಗಸಿಗೆ. ಬೀಗಕ್ಕೆ ಕೊಡುತ್ತಿದ್ದ ಕಾರಣ ಗುಂಡಿ ತುಂಬಿ ಉಕ್ಕುತ್ತದೆ ಎಂಬುದು. ಅದು ಸುಳ್ಳಲ್ಲ. ಮರಳು ನೆಲದಲ್ಲಿ ಮಳೆಗಾಲಕ್ಕೆ ಅಂತರ್ಜಲ ಮೇಲೇರಿ ಗುಂಡಿಗೆ ನುಗ್ಗುತ್ತದೆ. ಆದರೆ ಮೇ ಕೊನೆಯಲ್ಲಿ ಗುಂಡಿ ಖಾಲಿ ಮಾಡಿಸಿ, ಮುಚ್ಚಳದ ಸುತ್ತ ಸಿಮೆಂಟ್ ಹಾಕಿದರೆ ನಾಲ್ಕು ತಿಂಗಳ ಕಡಿಮೆ ಬಳಕೆಗೆ ಅದು ತಡೆಯುತ್ತದೆ. ತುಕ್ಕು ಹಿಡಿದ ಕಬ್ಬಿಣದ ಚಿಲಕ ಕಿತ್ತು ಸ್ಟೀಲಿನದು ಹಾಕಿಸಿದೆವು. ಕೀಲಿಕೈಯನ್ನು ಮೀನು ಮಾರುವ ಹೆಂಗಸರ ಕೈಗೇ ಕೊಡಿ ಎಂದು ಹಟ ಹಿಡಿದೆವು. ಈಗ ಕೀಲಿ ಅವರಲ್ಲಿಯೇ ಇದೆ, ಶೌಚಾಲಯ ಇಡೀ ವರ್ಷ ಶುಚಿಯಾಗಿರುತ್ತದೆ.

ಕಚೇರಿಯ ಕೆಲಸ ಬೇರೆಯೇ ಬಗೆಯದು. ‘ಸ್ವಚ್ಛ ಮಾಡಿ’ ಎಂದು ಬರೆದ ಮನವಿಗಳಿಗೆಲ್ಲ ‘ಕ್ರಮ ಕೈಗೊಳ್ಳಲಾಗುವುದು’ ಎಂಬ ಒಂದೇ ಸಾಲು ಬರುತ್ತಿತ್ತು. ಕೊನೆಗೆ ಮಾಹಿತಿ ಹಕ್ಕು ಕಾಯ್ದೆ, 2005ರ ಅಡಿಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ, ತೀರ ನಿರ್ವಹಣೆಯ ಗುತ್ತಿಗೆ ಒಪ್ಪಂದದ ಪ್ರತಿ ಕೇಳಿದೆ. 30 ದಿನಗಳ ಒಳಗೆ ಉತ್ತರ ಕೊಡಬೇಕೆಂಬ ನಿಯಮವಿದೆ. ನನಗೆ ಅದು ಮೊದಲ ಮೇಲ್ಮನವಿಯ ಬಳಿಕವೇ ಸಿಕ್ಕಿತು. ಒಪ್ಪಂದದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳೇ ಇರಲಿಲ್ಲ. ಗುಡಿಸುವ ಹುಡುಗರು ಸೋಮಾರಿಗಳೆಂದು ಊರು ಬೈಯುತ್ತಿತ್ತು. ಅವರಿಗೆ ಆ ತಿಂಗಳು ಸಂಬಳವೇ ಇರಲಿಲ್ಲ ಎಂಬುದು ಆಗ ತಿಳಿಯಿತು.

ಆಮೇಲೆ ಮನವಿಯ ಭಾಷೆ ಬದಲಿಸಿದೆವು. ಮಳೆಗಾಲಕ್ಕೆ ಇಬ್ಬರು ಕೆಲಸಗಾರರು, ಹುಣ್ಣಿಮೆ-ಅಮಾವಾಸ್ಯೆಗೆ ಹೊಂದಿಸಿದ ದಿನಪಟ್ಟಿ, ಜೆಸಿಬಿ ಬಳಸಬಾರದೆಂಬ ಷರತ್ತು, ಮೇ ತಿಂಗಳಲ್ಲಿ ಗುಂಡಿ ಖಾಲಿ ಮಾಡುವ ಕೆಲಸ. ಇವನ್ನೇ ಒಂದು ಹಾಳೆಯಲ್ಲಿ ಬರೆದು, ಒಂದೇ ಜಾಗದಲ್ಲಿ ನಿಂತು ಜನವರಿ ಮತ್ತು ಜುಲೈನಲ್ಲಿ ತೆಗೆದ ಫೋಟೋಗಳನ್ನು ಲಗತ್ತಿಸಿ, ಗ್ರಾಮ ಸಭೆಯಲ್ಲಿ ಓದಿ ನಡಾವಳಿಗೆ ಸೇರಿಸಿದೆವು. ನಡಾವಳಿಯ ಪ್ರತಿಯನ್ನು ಡಿಸೆಂಬರ್‌ನಲ್ಲಿಯೇ ತಲುಪಿಸಿದೆವು, ಏಕೆಂದರೆ ಮುಂದಿನ ವರ್ಷದ ಹಣದ ಅಂದಾಜು ಬರೆಯುವುದು ಆಗ. ಮಳೆ ಬಂದ ಮೇಲೆ ಕೇಳಿದರೆ ಕೊಡಲು ಮನಸ್ಸಿದ್ದವರ ಕೈಯಲ್ಲಿಯೂ ಹಣ ಇರುವುದಿಲ್ಲ. ಹೊಸ ಗುತ್ತಿಗೆಯಲ್ಲಿ ಹನ್ನೆರಡು ತಿಂಗಳೂ ಬಂದವು. ಇಬ್ಬರನ್ನು ಕೇಳಿದ್ದೆವು, ಒಬ್ಬರನ್ನು ಕೊಟ್ಟರು. ನೂಲು ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಲು ಬಂದವರು ಗಾಜಿನ ಭಯವಿಲ್ಲದೆ ಬರಿಗಾಲಿನಲ್ಲಿ ನೀರಿನವರೆಗೆ ನಡೆದರು. ಆ ದಿನ ನನಗಾದ ಸಂತೋಷ ದೊಡ್ಡದು.

ಇನ್ನೂ ಆಗದಿರುವುದು ಜೀವರಕ್ಷಕರ ನೇಮಕ. ಮಳೆಗಾಲದ ಭಾನುವಾರಗಳಂದು ಹುಬ್ಬಳ್ಳಿ, ಬೆಳಗಾವಿ ಕಡೆಯಿಂದ ಜಲಪಾತ ನೋಡಲು ಬಂದವರು ಸಮುದ್ರಕ್ಕೂ ಇಳಿದು ಬರುತ್ತಾರೆ. ಅವರಿಗೆ ಸೆಳೆತದ ಅರಿವಿರುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಸಮುದ್ರ ಶಾಂತವಾಗಿರುವ ತಿಂಗಳು. ಜುಲೈನ ಸಮುದ್ರದ ಮುಂದೆ ನಮ್ಮಲ್ಲಿರುವುದು ಬಣ್ಣ ಹೋದ ಒಂದು ಎಚ್ಚರಿಕೆ ಫಲಕ, ತೋಪಿನ ಮರಕ್ಕೆ ಹುಡುಗರು ಕಟ್ಟಿದ ಹಗ್ಗ, ಒಂದು ಹಳೆಯ ಟ್ಯೂಬು. ಈ ಡಿಸೆಂಬರ್‌ನ ಹಾಳೆಯಲ್ಲಿ ಮೊದಲ ಸಾಲಿನಲ್ಲಿಯೇ ಬರೆಯಲಿರುವುದು ಇದನ್ನು: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶನಿವಾರ, ಭಾನುವಾರ ಮತ್ತು ರಜಾದಿನಗಳಿಗೆ ಇಬ್ಬರು ತರಬೇತಾದ ಜೀವರಕ್ಷಕರು, ಊರಿನ ಮೀನುಗಾರ ಹುಡುಗರಿಂದಲೇ ಆಯ್ಕೆ, ಸಂಬಳ ಗುತ್ತಿಗೆಯಲ್ಲಿ ನಮೂದಾಗಬೇಕು.