ಗುಳಿಗೆ ಒಯ್ಯಲು ಬಂದ ದಿನವೇ

"ಬಿಳಿ ಹೋಗ್ತದ ಅಷ್ಟ ರೀ, ಮತ್ತೇನಿಲ್ಲ. ಗುಳಿಗಿ ಕೊಟ್ಟುಬಿಡ್ರಿ, ಬಸ್ಸಿಗೆ ಹೊತ್ತಾತು."

ಆಕೆ ಗದಗ ಕಡೆಯವಳು. ಎಚ್‌ಐವಿ ಗುಳಿಗೆ ಗದಗದಲ್ಲೂ ಸಿಗುತ್ತದೆ. ಆದರೂ ಹುಬ್ಬಳ್ಳಿಗೇ ಬರುತ್ತಿದ್ದಳು. ಅಲ್ಲಿ ಗುರುತಿನವರು ಯಾರಾದರೂ ನೋಡಿಬಿಟ್ಟರೆ? ನಾನಾಗ ಗರ್ಭಕೋಶದ ಬಾಯಿಯ ಪರೀಕ್ಷೆಯನ್ನು ಹೊಸದಾಗಿ ಕಲಿತಿದ್ದ ನರ್ಸ್. "ಮಂಗಳವಾರ ಬಾ" ಅಂತ ಚೀಟಿ ಬರೆದುಕೊಟ್ಟೆ.

ಬರಲಿಲ್ಲ. ಮುಂದಿನ ಸಲ ಗುಳಿಗೆಗೆ ಬಂದಾಗ ನಾನೂ ಕೇಳಲಿಲ್ಲ. ವರ್ಷ ಕಳೆದು ಬಂದಾಗ ರಕ್ತ ಹೋಗುತ್ತಿತ್ತು. ಬಯಾಪ್ಸಿ ಮಾಡಿಸಿದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್. ಮಂಗಳವಾರ ಅನ್ನೋದು ಅವಳಿಗೆ ಒಂದು ದಿನದ ಕೂಲಿ, ಮನೆಯಲ್ಲಿ ಇನ್ನೊಂದು ಸುಳ್ಳು. ಆಗಿನ್ನೂ ಬಸ್ಸೂ ಫ್ರೀ ಇರಲಿಲ್ಲ.

ಅಂದಿನಿಂದ ಚೀಟಿ ಬರೆಯುವುದು ಬಿಟ್ಟೆ. ಗುಳಿಗೆ ಒಯ್ಯಲು ಬಂದ ದಿನವೇ, ಬ್ಲಡ್ ಟೆಸ್ಟಿಗೆ ಕೊಟ್ಟು ಕೂತಿರುವಾಗಲೇ ಒಳಗೆ ಕರೆಯುತ್ತೇನೆ. ಎಚ್‌ಐವಿ ಇರುವ ಹೆಣ್ಣುಮಕ್ಕಳಿಗೆ ಈ ಕ್ಯಾನ್ಸರ್ ಬರುವ ಸಂಭವ ಸುಮಾರು 6 ಪಟ್ಟು ಜಾಸ್ತಿ. ಹಾಗಾಗಿ ಇವರಿಗೆ 30 ಅಲ್ಲ, 25ನೇ ವಯಸ್ಸಿಗೇ ಪರೀಕ್ಷೆ ಶುರು ಮಾಡುತ್ತೇವೆ.

ಬೆಳಿಗ್ಗೆ 95 ಎಂ.ಎಲ್. ಡಿಸ್ಟಿಲ್ಡ್ ವಾಟರಿಗೆ 5 ಎಂ.ಎಲ್. ಅಸಿಟಿಕ್ ಆ್ಯಸಿಡ್ ಬೆರೆಸಿಡುತ್ತೇನೆ. ಕೋಣೆಯೆಲ್ಲ ವಿನೆಗರ್ ವಾಸನೆ. ಅದರಲ್ಲಿ ಅದ್ದಿದ ಹತ್ತಿಯನ್ನು ಗರ್ಭಕೋಶದ ಬಾಯಿಗೆ ಒತ್ತಿ, ಗಡಿಯಾರ ನೋಡಿ ಪೂರ್ತಿ ಒಂದು ನಿಮಿಷ ಕಾಯಬೇಕು. ಅವಸರ ಮಾಡಿದರೆ ಏನೂ ಕಾಣುವುದಿಲ್ಲ. ಗುಲಾಬಿ ಬಣ್ಣದ ಮೇಲೆ ಸುಣ್ಣ ಹಚ್ಚಿದ ಹಾಗೆ ದಟ್ಟ ಬಿಳಿ ಕಲೆ ಎದ್ದರೆ, ಅದರ ಅಂಚು ಗೆರೆ ಎಳೆದಂತೆ ಸ್ಪಷ್ಟವಿದ್ದರೆ, ಡಾಕ್ಟರನ್ನು ಕೂಗುತ್ತೇನೆ. ಅಂಥ ಕಲೆ ಮುಂದೆ ಕ್ಯಾನ್ಸರ್ ಆಗಬಹುದು. ಕಲೆ ಚಿಕ್ಕದಿದ್ದು, ಕ್ಯಾನ್ಸರಿನ ಗುಮಾನಿ ಇರದಿದ್ದರೆ ಅವರು ಅವತ್ತೇ ಶಾಖ ಕೊಟ್ಟು ಸುಟ್ಟುಬಿಡುತ್ತಾರೆ. ನಿಮಿಷಗಳ ಕೆಲಸ. ಅವಳಿಗೆ ಬಸ್ಸೂ ತಪ್ಪುವುದಿಲ್ಲ. ವರ್ಷಕ್ಕೆ ಮತ್ತೆ ನೋಡುತ್ತೇವೆ.

ಗದಗಿನವಳಿಗೆ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಆಯಿತು. ಐದು ವಾರ ಹೊರಗಿನಿಂದ ಕೊಡುವ ಕರೆಂಟು, ವಾರಕ್ಕೊಂದು ಸಿಸ್‌ಪ್ಲಾಟಿನ್ ಎಂಬ ಕ್ಯಾನ್ಸರ್ ಔಷಧಿ, ಆಮೇಲೆ ಒಳಗಿನಿಂದ ಕೊಡುವ ರೇಡಿಯೇಷನ್. ಎಚ್‌ಐವಿ ಇದ್ದವರಿಗೂ ಇದೇ ಚಿಕಿತ್ಸೆ. ಆದರೆ ಆಕೆಯ ಎಚ್‌ಐವಿ ಗುಳಿಗೆಯಲ್ಲಿ ಟೆನೊಫೊವಿರ್ ಅನ್ನೋ ಔಷಧಿ ಇತ್ತು. ಅದೂ ಸಿಸ್‌ಪ್ಲಾಟಿನ್ನೂ ಎರಡೂ ಕಿಡ್ನಿಗೆ ತ್ರಾಸು ಕೊಡುವಂಥವು. ಅದಕ್ಕೇ ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತದ ಕ್ರಿಯೇಟಿನಿನ್ ಮೇಲೆ ಕಣ್ಣಿಟ್ಟಿದ್ದರು. ಒಂದು ವಾರ ಅದು ಏರಿದಾಗ ಟೆನೊಫೊವಿರ್ ತೆಗೆದು ಅಬಕಾವಿರ್ ಎಂಬ ಇನ್ನೊಂದು ಎಚ್‌ಐವಿ ಔಷಧಿ ಹಾಕಿದರು.

ನನಗೆ ಚಿಂತೆ ಇದ್ದದ್ದು ಬೇರೆಯದಕ್ಕೆ. ವಾರ್ಡಿನಲ್ಲಿ ಪಕ್ಕದ ಮಂಚದವರು ಡಬ್ಬಿ ನೋಡಿ "ಇದೇನ್ ಗುಳಿಗಿ?" ಅಂತ ಕೇಳೇ ಕೇಳುತ್ತಾರೆ. ಆ ಹೆದರಿಕೆಗೇ ಎಷ್ಟೋ ಜನ ಗುಳಿಗೆ ನಿಲ್ಲಿಸಿಬಿಡುತ್ತಾರೆ. ಚಿಕಿತ್ಸೆ ನಡೆದಿರುವಾಗಲೇ ವೈರಸ್ ಮತ್ತೆ ಏಳುತ್ತದೆ. ನಾನು ಫೋನ್ ಮಾಡಿದಾಗ ಆಕೆ ನಕ್ಕಳು. ಡಬ್ಬಿ ಗಲಗಲ ಅನ್ನುತ್ತದೆ ಅಂತ ಅದರೊಳಗೆ ಹತ್ತಿ ತುರುಕಿ, ಮೇಲಿನ ಚೀಟಿ ಕಿತ್ತು, ಶೇಂಗಾ ಚಟ್ನಿ ಚೀಲದಡಿ ಇಟ್ಟಿದ್ದಳಂತೆ. "ರಾತ್ರಿ ಒಂಬತ್ತಕ್ಕ ತಪ್ಪಿಸಿಲ್ಲ ರೀ ಸಿಸ್ಟರ್, ಚಟ್ನಿ ಮಾತ್ರ ಖಾಲಿ ಆತು."