ಪೋಸ್ಟ್ ಬ್ಲಾಸಮ್ ಅಂದರೆ ಅಂಚೆಯಲ್ಲ: ಇಂಗ್ಲಿಷ್ ಪದ ಕಲಿಯಲು ನಾನು ಹಿಡಿದ ದಾರಿ

ನಾನು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್. ರೈಟರ್ ಅಂದರೆ ಕತೆ, ಕವನ ಬರೆಯುವವನಲ್ಲ. ಚೆಕ್‌ರೋಲ್ ಬರೆಯುವವನು. ಆಳುಗಳ ಹಾಜರಿ, ಬಟವಾಡೆ, ಗೊಬ್ಬರದ ಲೆಕ್ಕ, ಎಲ್ಲ ನನ್ನ ತಲೆ ಮೇಲೆ. ಓದಿದ್ದು ಪಿಯುಸಿ, ಅದೂ ಕನ್ನಡ ಮೀಡಿಯಂ.

ಸೇರಿದ ಮೊದಲ ವರ್ಷ ಸಾಹುಕಾರ್ರು ಇಂಗ್ಲಿಷಿನಲ್ಲಿ ಒಂದು ಚೀಟಿ ಕಳಿಸಿದರು. ಪೋಸ್ಟ್ ಬ್ಲಾಸಮ್ ಗೊಬ್ಬರ, 40 ಮೂಟೆ. ಬ್ಲಾಸಮ್ ಅಂದರೆ ಹೂವು ಅಂತ ತೋಟದಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಪೋಸ್ಟ್ ಅಂದರೆ ಅಂಚೆ ಅಲ್ವಾ? ಗೊಬ್ಬರದ ವಿಷಯ ಏನೋ ಅಂಚೆಯಲ್ಲಿ ಬರಬೇಕು ಅಂದುಕೊಂಡು ಎರಡು ದಿನ ಪೋಸ್ಟ್‌ಮ್ಯಾನ್ ದಾರಿ ಕಾದೆ. ಮೂರನೇ ದಿನ ಸಾಹುಕಾರ್ರೇ ಬಂದರು. "ಹೂವಾಗಿ ತಿಂಗಳಾಯ್ತಲ್ಲೋ, ಗೊಬ್ಬರ ಯಾಕೆ ಹಾಕ್ಸಿಲ್ಲ?" ಎಂದರು. ನಾನು ಅಂಚೆ ಕತೆ ಹೇಳಿದೆ. ಅವರು ಬೈಯಲಿಲ್ಲ, ನಕ್ಕರು. ಬೈದಿದ್ದರೇ ಚೆನ್ನಾಗಿತ್ತು.

ಕಾಫಿಗೆ ವರ್ಷಕ್ಕೆ ನಾಲ್ಕು ಸಲ ಗೊಬ್ಬರ ಕೊಡುವ ಪದ್ಧತಿ ಇದೆ. ಮಾರ್ಚ್‌ನಲ್ಲಿ ಪ್ರೀ ಬ್ಲಾಸಮ್, ಮೇ ತಿಂಗಳಲ್ಲಿ ಪೋಸ್ಟ್ ಬ್ಲಾಸಮ್, ಆಗಸ್ಟ್‌ನಲ್ಲಿ ಮಿಡ್ ಮಾನ್ಸೂನ್, ಅಕ್ಟೋಬರ್‌ನಲ್ಲಿ ಪೋಸ್ಟ್ ಮಾನ್ಸೂನ್. ಅವತ್ತು ರಾತ್ರಿ ಈ ನಾಲ್ಕನ್ನೂ ಒಂದರ ಕೆಳಗೊಂದು ಬರೆದು ನೋಡಿದೆ. ಪ್ರೀ ಅಂದರೆ ಮೊದಲು, ಪೋಸ್ಟ್ ಅಂದರೆ ಆಮೇಲೆ. ಅಷ್ಟು ಗೊತ್ತಾದ ಮೇಲೆ ಎಲ್ಲಿ ನೋಡಿದರೂ ಅವೇ ಕಾಣಲು ಶುರುವಾದವು. ಫೋನಿನ ಪ್ರೀಪೇಡ್, ಪೋಸ್ಟ್‌ಪೇಡ್. ಆಸ್ಪತ್ರೆಯ ಪೋಸ್ಟ್‌ಮಾರ್ಟಮ್. ಮದುವೆ ಮುಂದಕ್ಕೆ ಹಾಕಿದರೆ ಪೋಸ್ಟ್‌ಪೋನ್. ನಾನು ಎರಡು ವರ್ಷ ಓದಿದ ಪಿಯುಸಿಯ ಪಿ ಅಕ್ಷರವೇ ಪ್ರೀ, ಯೂನಿವರ್ಸಿಟಿಗೆ ಮೊದಲು! ಓದುವಾಗ ಒಂದು ದಿನವೂ ಹೊಳೆದಿರಲಿಲ್ಲ. ದಿನಾಂಕ ಹಿಂದಕ್ಕೆ ತಂದರೆ ಪ್ರೀಪೋನ್ ಅಂತೀವಲ್ಲ, ಅದು ಹೆಚ್ಚಾಗಿ ನಮ್ಮ ದೇಶದ ಇಂಗ್ಲಿಷಿನಲ್ಲಿ ಓಡುವ ಪದ. ಇಲ್ಲಿ ಧಾರಾಳವಾಗಿ ಬಳಸಿ. ಹೊರದೇಶದವರಿಗೆ ಬರೆಯುವಾಗ ಬೇಡ, ಅವರಿಗೆ ಗೊಂದಲವಾಗಬಹುದು.

ಪದದ ಮುಂದೆ ಅಂಟುವ ಈ ತುಂಡಿಗೆ ಪ್ರೀಫಿಕ್ಸ್ ಅಂತ ಹೆಸರು. ನಾನು ತಲೆ ಅಂತೀನಿ. ಈಗ ನನ್ನ ತಂಗಿ ಮಗಳು ಹಾಸನದಲ್ಲಿ ಪಿಯುಸಿ ಓದುತ್ತಿದ್ದಾಳೆ. ರಜೆಗೆ ಬಂದಾಗ ಅವಳಿಗೂ ಇದೇ ದಾರಿಯಲ್ಲಿ ಹೇಳಿಕೊಡುತ್ತೇನೆ. ಹೇಗೆ ಅಂತ ಹೇಳುತ್ತೇನೆ, ಬೇಕಾದರೆ ನೀವೂ ಮಾಡಿ ನೋಡಿ.

ಒಂದು ಹಳೇ ನೋಟ್‌ಬುಕ್ ತೆಗೆದುಕೊಳ್ಳಿ. ಒಂದು ತಲೆಗೆ ಒಂದು ಪುಟ, ಒಂದು ವಾರಕ್ಕೆ ಒಂದೇ ತಲೆ. ಡಿಕ್ಷನರಿ ಈಗಲೇ ಬಿಚ್ಚಬೇಡಿ. ಅದರಲ್ಲಿ ಅನ್ ತಲೆಯ ಪದಗಳೇ ಪುಟಗಟ್ಟಲೆ ಇರುತ್ತವೆ, ನೋಡಿಯೇ ಸುಸ್ತಾಗುತ್ತೀರಿ. ಮೊದಲು ನಿಮ್ಮ ಬಾಯಲ್ಲಿ ಈಗಾಗಲೇ ಓಡಾಡುವ ಪದಗಳನ್ನು ಬರೆಯಿರಿ. ನನಗೆ ರೀ ತಲೆಗೆ ತೋಟದಿಂದಲೇ ಸಿಕ್ಕಿದ್ದು ರೀಪ್ಲಾಂಟಿಂಗ್, ಹಳೇ ಗಿಡ ಕಿತ್ತು ಮತ್ತೆ ನೆಡುವುದು. ಆಮೇಲೆ ರೀಚಾರ್ಜ್, ರೀಫಿಲ್, ರಿನ್ಯೂವಲ್. ಟೇಲರ್ ಆದರೆ ಬೇರೆ ಪದ ಸಿಗುತ್ತದೆ, ಬ್ಯಾಂಕಿನವರಾದರೆ ಬೇರೆ. ಹೀಗೆ ಐದಾರು ಆದ ಮೇಲೆ ಡಿಕ್ಷನರಿ ತೆಗೆದು ಹೊಸದು ನಾಲ್ಕು ಸೇರಿಸಿ, ಸಾಕು. ಪ್ರತಿ ಪದಕ್ಕೂ ನಿಮ್ಮದೇ ಒಂದು ವಾಕ್ಯ ಬರೆಯಲೇಬೇಕು. ವಾಕ್ಯ ಇಲ್ಲದ ಪದ ನನ್ನ ತಲೆಯಲ್ಲಂತೂ ಮೂರು ದಿನ ನಿಲ್ಲುವುದಿಲ್ಲ.

ಇದೇನೋ ಹೊಸ ವಿದ್ಯೆ ಅಂದುಕೊಳ್ಳಬೇಡಿ. ನಾವು ಹುಟ್ಟಿದಾಗಿನಿಂದ ಮಾಡುತ್ತಿರುವುದೇ. ಆಹಾರ, ವಿಹಾರ, ಸಂಹಾರ, ಪ್ರಹಾರ, ಪರಿಹಾರ. ಎಲ್ಲದರ ಮೈ ಒಂದೇ, ಹಾರ. ಸಂಸ್ಕೃತದ ಹೃ ಧಾತು, ಒಯ್ಯು ಅಂತ ಅರ್ಥ. ತಲೆ ಬದಲಾದರೆ ಊಟವೇ ಕೊಲೆಯಾಗುತ್ತದೆ! ಶಾಲೆಯಲ್ಲಿ ಉಪಸರ್ಗ ಅಂತ ಬಾಯಿಪಾಠ ಮಾಡಿಸಿದ್ದರಲ್ಲ, ಅದೇ. ಇಂಗ್ಲಿಷಿನಲ್ಲಿ ಇದಕ್ಕೆ ಅಣ್ಣತಮ್ಮನ ಹಾಗೆ ಒಂದು ಮೈ ಇದೆ, ಪೋರ್ಟ್. ಲ್ಯಾಟಿನ್ ಭಾಷೆಯಲ್ಲಿ ಹೊರು, ಸಾಗಿಸು ಅಂತ ಅರ್ಥ. ನಮ್ಮ ಕಾಫಿ ಹೊರಗೆ ಹೋದರೆ ಎಕ್ಸ್‌ಪೋರ್ಟ್, ಒಳಗೆ ಬಂದರೆ ಇಂಪೋರ್ಟ್, ಇಲ್ಲಿಂದ ಅಲ್ಲಿಗೆ ದಾಟಿಸಿದರೆ ಟ್ರಾನ್ಸ್‌ಪೋರ್ಟ್. ಸುದ್ದಿ ಹೊತ್ತು ವಾಪಸ್ ತಂದರೆ ರಿಪೋರ್ಟ್. ಕೆಳಗಿನಿಂದ ಹೊತ್ತುಕೊಂಡರೆ ಸಪೋರ್ಟ್. ಅದರ ತಲೆ ನಿಜವಾಗಿ ಸಬ್, ಪೋರ್ಟ್ ಪಕ್ಕ ಬಂದು ಸಪ್ ಆಗಿದೆ.

ಹೀಗೆ ತಲೆ ರೂಪ ಬದಲಿಸುವುದೇ ಕಲಿಯುವವರಿಗೆ ಜಾಸ್ತಿ ಕಾಟ ಕೊಡುತ್ತದೆ. ಇನ್ ಅಂದರೆ ಅಲ್ಲ, ಇಲ್ಲ. ಇನ್‌ಕಂಪ್ಲೀಟ್. ಆದರೆ ಪಾಸಿಬಲ್ ಪಕ್ಕ ಅದು ಇಂ, ಲೀಗಲ್ ಪಕ್ಕ ಇಲ್, ರೆಗ್ಯುಲರ್ ಪಕ್ಕ ಇರ್. ಇಂಪಾಸಿಬಲ್, ಇಲ್ಲೀಗಲ್, ಇರ್ರೆಗ್ಯುಲರ್. "ಇದಕ್ಕೆಲ್ಲ ಬೇರೆ ಬೇರೆ ಪುಟ ಬೇಕಾ ಮಾವ?" ಅಂತ ತಂಗಿ ಮಗಳು ಕೇಳಿದಳು. ಬೇಡ. ಉತ್ ಮತ್ತು ಲೇಖ ಸೇರಿ ಉಲ್ಲೇಖ ಆಗಲಿಲ್ವಾ? ಸಮ್ ಮತ್ತು ಲಾಪ ಸೇರಿ ಸಲ್ಲಾಪ? ನಾಲಿಗೆಗೆ ಸುಲಭವಾದ ಕಡೆ ಅಕ್ಷರ ಜಾರುತ್ತದೆ, ಎರಡೂ ಭಾಷೆಯಲ್ಲಿ. ನಾಲ್ಕನ್ನೂ ಒಂದೇ ಪುಟದಲ್ಲಿ ಬರೆಯಿರಿ. ಹಸಿರು ಕಾಯಿ ಕಿತ್ತರೆ ನಮ್ಮಲ್ಲಿ ಇಮ್ಮೆಚೂರ್ ಅಂತ ಬೈಸಿಕೊಳ್ಳಬೇಕು. ಅದೂ ಅದೇ ಪುಟಕ್ಕೆ.

ಅನ್ ತಲೆಗೆ ಮಾತ್ರ ಪುಟವನ್ನು ಎರಡು ಭಾಗ ಮಾಡಿ. ಪಲ್ಪ್ ಮಾಡಿ, ಅಂದರೆ ಸಿಪ್ಪೆ ಸುಲಿದು, ತೊಳೆಯದೆ ಹಣ್ಣನ್ನು ಹಾಗೇ ಒಣಗಿಸಿದ ಕಾಫಿಗೆ ಅನ್‌ವಾಶ್ಡ್ ಅಂತಾರೆ. ಇಲ್ಲಿ ಅನ್ ಅಂದರೆ ಅಲ್ಲ, ತೊಳೆಯದ್ದು. ಆದರೆ ಲಾರಿ ಅನ್‌ಲೋಡ್ ಮಾಡಿ ಅಂದರೆ ಲೋಡ್ ಮಾಡಬೇಡಿ ಅಂತಲ್ಲ, ತುಂಬಿದ್ದನ್ನು ಇಳಿಸಿ ಅಂತ. ಅನ್‌ಲಾಕ್, ಅನ್‌ಟೈ ಕೂಡ ಹಾಗೇ, ಮಾಡಿದ್ದನ್ನು ಬಿಚ್ಚುವುದು. ಅಂದ ಹಾಗೆ, ಅನ್‌ವಾಶ್ಡ್‌ನ ಅನ್ ಮತ್ತು ನಮ್ಮ ಅನರ್ಥದ ಅನ್ ಒಂದೇ ಬೇರಿನವು. ಇಂಗ್ಲಿಷೂ ಸಂಸ್ಕೃತವೂ ಹಿಂದೆ ಒಂದೇ ಭಾಷೆಯಿಂದ ಕವಲೊಡೆದವು. ಇದು ತಿಳಿದ ದಿನ ನನಗೆ ಆದ ಖುಷಿ ಬೋನಸ್ ಬಂದಾಗಲೂ ಆಗಿರಲಿಲ್ಲ.

ಡೀ ತಲೆ ತೋಟದವರಿಗೆ ಸುಲಭ. ಕಾಂಡದಲ್ಲಿ ಬೇಡದ ಚಿಗುರು ಸಕ್ಕರ್, ಅದನ್ನು ತೆಗೆದರೆ ಡಿಸಕರಿಂಗ್. ಕಾಫಿಯಿಂದ ಕೆಫೀನ್ ತೆಗೆದರೆ ಡೀಕ್ಯಾಫ್. ಅದನ್ನು ಯಾಕೆ ಕುಡಿಯುತ್ತಾರೋ, ನನ್ನನ್ನು ಕೇಳಬೇಡಿ. ಮೈಯಿಂದ ನೀರು ಹೋದರೆ ಡೀಹೈಡ್ರೇಷನ್. ಘಾಟಿಯಲ್ಲಿ ರೈಲು ಹಳಿ ಬಿಟ್ಟರೆ ಡೀರೈಲ್. ಸಬ್, ಇಂಟರ್, ಮಿಸ್ ಇವುಗಳಿಗೆ ಹೆಚ್ಚು ಹೇಳಬೇಕಿಲ್ಲ. ಸಬ್ ಇನ್ಸ್‌ಪೆಕ್ಟರ್, ಕಾಫಿ ನಡುವೆ ಮೆಣಸು ಹಾಕುವ ಇಂಟರ್‌ಕ್ರಾಪ್, ಮಿಸ್‌ಪ್ರಿಂಟ್ ಅಂತ ಶುರು ಮಾಡಿದರೆ ಪುಟ ತಾನೇ ತುಂಬುತ್ತದೆ.

ಇನ್ನು ಮೋಸ ಹೋಗುವ ವಿಷಯ. ಹೋದ ಮಳೆಗಾಲ ಧರ್ಮಸ್ಥಳಕ್ಕೆ ಹೊರಟಿದ್ದೆವು. ದೋಣಿಗಾಲ್ ಹತ್ತಿರ ರಸ್ತೆ ಜಾಮ್. ಮುಂದೆ ಮಂಗಳೂರು ಕಡೆಯ ಒಂದು ಟ್ಯಾಂಕರ್, ಹಿಂದೆ ಕೆಂಪಕ್ಷರದಲ್ಲಿ ಹೈಲಿ ಇನ್‌ಫ್ಲೇಮಬಲ್ ಅಂತ ಬರೆದಿತ್ತು. ಹುಡುಗಿ ಅರ್ಥ ಕೇಳಿದಳು. ನಾನು ಮೇಷ್ಟ್ರ ಗತ್ತಿನಲ್ಲಿ, "ಫ್ಲೇಮ್ ಅಂದ್ರೆ ಬೆಂಕಿ, ಇನ್ ಅಂದ್ರೆ ಇಲ್ಲ. ಬೆಂಕಿ ಹತ್ತಲ್ಲ ಅಂತ" ಎಂದೆ. ಆ ಧೈರ್ಯಕ್ಕೋ ಏನೋ ನಮ್ಮ ಜೀಪಿನ ಡ್ರೈವರ್ ಕೆಳಗಿಳಿದು ಬೀಡಿ ತೆಗೆದ. ಟ್ಯಾಂಕರಿನ ಕ್ಲೀನರ್ ಹುಡುಗ ಓಡಿ ಬಂದು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಆ ಇನ್ ಬೇರೆ ಇನ್, ಒಳಗೆ ಅಂತ. ಇನ್‌ಫ್ಲೇಮ್ ಅಂದರೆ ಉರಿ ಹತ್ತಿಸು. ಹಾಗಾಗಿ ಇನ್‌ಫ್ಲೇಮಬಲ್ಲೂ ಫ್ಲೇಮಬಲ್ಲೂ ಒಂದೇ, ಎರಡೂ ಭಗ್ ಅಂತ ಹತ್ತಿಕೊಳ್ಳುವಂಥವು. ನನ್ನ ಹಾಗೆ ತಪ್ಪು ತಿಳಿಯುವವರು ಇದ್ದಾರೆ ಅಂತಲೇ ಈಗ ಎಷ್ಟೋ ಕಡೆ ಬರೀ ಫ್ಲೇಮಬಲ್ ಅಂತ ಬರೆಯುತ್ತಾರೆ.

ಅದಕ್ಕೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ತಲೆ ಕಿತ್ತು ನೋಡಿ. ಉಳಿದ ಮೈಗೆ ಅರ್ಥ ಇದೆಯಾ? ಅದಕ್ಕೆ ತಲೆಯ ಅರ್ಥ ಸೇರಿಸಿದರೆ ಪದದ ಅರ್ಥ ಬರುತ್ತದಾ? ಮಿಸ್ಟರ್‌ನಲ್ಲಿ ಮಿಸ್ ತೆಗೆದರೆ ಟರ್ ಉಳಿಯುತ್ತದೆ. ಅಂಕಲ್‌ನಲ್ಲಿ ಅನ್ ತೆಗೆದರೆ ಕಲ್ಲು. ಇವು ತಲೆಯಲ್ಲ, ಸುಮ್ನೆ ಹಾಗೆ ಕಾಣುತ್ತವೆ. ರಿಪೇರ್ ಇನ್ನೂ ಕಿಲಾಡಿ. ರೀ ನಿಜವಾದ ತಲೆಯೇ, ಆದರೆ ಪೇರ್ ಅಂದರೆ ಜೋಡಿಯಲ್ಲ, ಸಿದ್ಧ ಮಾಡು ಅನ್ನುವ ಲ್ಯಾಟಿನ್ ಪದ. ಅನುಮಾನ ಬಂದಾಗ ಡಿಕ್ಷನರಿ ನೋಡಿ. ಟ್ಯಾಂಕರ್ ಪಕ್ಕ ನಿಂತಾಗಂತೂ ನೋಡಲೇಬೇಕು.

ಮೊನ್ನೆ ಸಂಜೆ ಜೋರು ಮಳೆ. ಅವಳು ಡೀ ತಲೆಯ ಪುಟ ಬರೆಯುತ್ತಿದ್ದಳು. ಎಂದಿನಂತೆ ಕರೆಂಟ್ ಹೋಯಿತು. ಕತ್ತಲಲ್ಲಿ ಅವಳ ದನಿ ಕೇಳಿತು: "ಮಾವ, ಡಿಲೈಟ್ ಆಯ್ತು." ಡಿಲೈಟ್‌ಗೂ ಬೆಳಕಿನ ಲೈಟಿಗೂ ಸಂಬಂಧವಿಲ್ಲ, ಸಂತೋಷ ಅನ್ನುವ ಅರ್ಥದ ಬೇರೆಯೇ ಪದ ಅದು, ಸ್ಪೆಲ್ಲಿಂಗ್ ಮಾತ್ರ ಲೈಟನ್ನು ನೋಡಿ ಬದಲಾಗಿದೆ ಅಂತ ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅಡಿಗೆಮನೆಯಿಂದ ತಂಗಿ ಕೂಗಿದಳು, ಮೊದಲು ಮೇಣದಬತ್ತಿ ಹುಡುಕಿ ಅಂತ.