ಆರ್ಕ್ ಬಿಟ್ಟು ಚಿಪ್ಪಿಗೆ ಬಂದ ಕತೆ

ತಿಪಟೂರಿನಲ್ಲಿ ನನ್ನದೊಂದು ವೆಲ್ಡಿಂಗ್ ಶಾಪು. ಪಕ್ಕದ ಗ್ಯಾರೇಜಿನವರು ಜಾಗವಿಲ್ಲ ಅಂತ ನನ್ನ ಹಿತ್ತಲಲ್ಲಿ ಇಟ್ಟಿದ್ದ ಹಳೇ ಇಂಜಿನ್ ಆಯಿಲ್ ಡ್ರಮ್ಮೇ ಈ ಹುಚ್ಚಿಗೆ ಮೂಲ. ಎಣ್ಣೆಯೊಳಗೆ ಎರಡು ಕಾರ್ಬನ್ ಕಡ್ಡಿ ಮುಳುಗಿಸಿ ಆರ್ಕ್, ಅಂದರೆ ವೆಲ್ಡಿಂಗಿನ ವಿದ್ಯುತ್ ಕಿಡಿ, ಹೊಡೆದರೆ ಎಣ್ಣೆ ಒಡೆದು ಉರಿಯುವ ಅನಿಲ ಬರುತ್ತದೆ ಎಂದು ಓದಿದ್ದೆ. ಆರ್ಕ್ ಅಂದರೆ ಪ್ಲಾಸ್ಮಾನೇ, ವಿದ್ಯುತ್ ಹರಿಯುವಷ್ಟು ಕಾದ ಅನಿಲವೇ ತಾನೆ? ಅದರ ನಡುಭಾಗದ ಬಿಸಿ 5000 ಡಿಗ್ರಿ ದಾಟುತ್ತದೆ. ದಿನವಿಡೀ ಅದನ್ನೇ ಹೊಡೆಯುವ ನನಗೆ ಇದೇನು ಮಹಾ ಅನ್ನಿಸಿತು.

ಗೌಜಿಂಗ್ ಮಾಡುವ, ಅಂದರೆ ಲೋಹ ಕರಗಿಸಿ ಕೆತ್ತುವ ಕಾರ್ಬನ್ ಕಡ್ಡಿ ತಂದೆ. ಅದಕ್ಕೆ ತಾಮ್ರದ ಲೇಪ ಇರುತ್ತದೆ. ಎಣ್ಣೆಯ ಆರ್ಕಿನಲ್ಲಿ ಜಲಜನಕದ ಜೊತೆ ಅಸಿಟಿಲಿನ್ನೂ ಹುಟ್ಟುತ್ತದೆ. ಅಸಿಟಿಲಿನ್ ಹರಿಯುವ ದಾರಿಯಲ್ಲಿ ತಾಮ್ರ ಇರಕೂಡದು, ಎರಡೂ ಸೇರಿದರೆ ತಟ್ಟನೆ ಸಿಡಿಯುವ ವಸ್ತುವಾಗುತ್ತದೆ. ಗ್ಯಾಸ್ ವೆಲ್ಡಿಂಗ್ ಕಲಿಯುವಾಗ ಬೈಸಿಕೊಂಡು ಕಲಿತ ಪಾಠ ಇದು. ಲೇಪ ಪೂರ್ತಿ ಉಜ್ಜಿ ತೆಗೆದೆ, ಪೈಪೆಲ್ಲ ಕಬ್ಬಿಣದ್ದೇ ಹಾಕಿದೆ. ಬೆಂಕಿ ಹಿಂದಕ್ಕೆ ನುಗ್ಗದಂತೆ ನಡುವೆ ನೀರಿನ ಡಬ್ಬಿ ಇಟ್ಟೆ. ಒಳಗಿನ ಗಾಳಿಯೆಲ್ಲ ಹೊರಹೋಗುವ ತನಕ ಬೆಂಕಿಕಡ್ಡಿ ಗೀರಲಿಲ್ಲ.

ಹತ್ತಿಕೊಂಡಿತು. ಬೆಳ್ಳಗೆ, ತುದಿಯಲ್ಲಿ ಮಸಿ ಕಾರುತ್ತ. ಖುಷಿಗೆ ಹೆಂಡತಿಯನ್ನು ಕೂಗಿದೆ. ಅವಳು ಉರಿ ನೋಡಲಿಲ್ಲ, ಮೀಟರ್ ನೋಡಿದಳು. "ರೀ, ಇದಕ್ಕಿಂತ ಸಿಲಿಂಡರ್ರೇ ಅಗ್ಗ ಅಲ್ವಾ?"

ಆ ಅನಿಲದಿಂದ ಜನರೇಟರ್ ಓಡಿಸುವ ಆಸೆ ನನ್ನದು. ಆರ್ಕ್ ಎಷ್ಟು ನುಂಗುತ್ತದೆ ಅಂತ ಲೆಕ್ಕ ಹಾಕಿದೆ. 30 ವೋಲ್ಟ್, 120 ಆಂಪ್ಸ್, ಒಟ್ಟು 3.6 ಕಿಲೋವ್ಯಾಟ್. ನನ್ನ 5 ಎಚ್‌ಪಿ ಡೀಸೆಲ್ ಜನರೇಟರ್ ಕೊಡುವುದೇ ಸುಮಾರು 3. ಇಂಜಿನ್ ದುಡಿದದ್ದನ್ನೆಲ್ಲ ನುಂಗಿ ಮೇಲೆ ಸಾಲವನ್ನೂ ಮಾಡುವ ಆರ್ಕು! ಸಾಲದ್ದಕ್ಕೆ ಕಡ್ಡಿಗಳ ನಡುವೆ ಮಸಿ ಕಟ್ಟಿ ಆಗಾಗ ಶಾರ್ಟ್ ಆಗುತ್ತಿತ್ತು.

ಹಾಗಂತ ಪ್ಲಾಸ್ಮಾವನ್ನು ಬಯ್ಯುವುದಿಲ್ಲ. ಗಾಂಧಿನಗರದ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯವರು ಅದನ್ನು ಆಸ್ಪತ್ರೆ ಕಸಕ್ಕೆ ಬಳಸುವ ಯಂತ್ರ ಮಾಡಿದ್ದಾರೆ. ಅಲ್ಲಿ ಸೋಂಕಿನ ಕಸ ಇಲ್ಲವಾಗುವುದೇ ಮುಖ್ಯ, ಕರೆಂಟು ಎಷ್ಟು ಖರ್ಚಾದರೂ ಆಗಲಿ. ನನಗೆ ಬೇಕಿದ್ದದ್ದು ಅನಿಲ.

ಕೊಬ್ಬರಿ ಮಾರುಕಟ್ಟೆಯ ಊರಲ್ಲಿ ಕೂತು ಇಂಧನಕ್ಕೆ ಪರದಾಡಿದೆನಲ್ಲ! ಚಿಪ್ಪಿನ ರಾಶಿ ಕಣ್ಣೆದುರೇ ಇತ್ತು. ನಮ್ಮ ಜಿಲ್ಲೆಯ ಹೊಸಹಳ್ಳಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು (ಐಐಎಸ್‌ಸಿ) 1988ರಲ್ಲೇ ಸೌದೆಯನ್ನು ಕಡಿಮೆ ಗಾಳಿಯಲ್ಲಿ ಉರಿಸಿ ಬಂದ ಅನಿಲದಿಂದ ಇಂಜಿನ್ ಓಡಿಸಿ ಮನೆಗಳಿಗೆ ದೀಪ ಕೊಟ್ಟಿದ್ದರು. ಅದೇ ದಾರಿ ಹಿಡಿದೆ: ಗಾಳಿ ಮೇಲಿಂದ ಕೆಳಗೆ ಎಳೆಯುವ ಒಲೆ, ಹೊಟ್ಟೆಯ ಕೆಳಗೆ ಸಣ್ಣ ಕುತ್ತಿಗೆ. ಚಿಪ್ಪು ಬಿಡುವ ಹೊಗೆ ಕುತ್ತಿಗೆಯ ಕೆಂಡದ ಮೂಲಕವೇ ಹಾಯಬೇಕು, ಆಗಲೇ ಅದರಲ್ಲಿನ ಟಾರ್, ಅಂದರೆ ಡಾಂಬರಿನಂಥ ಅಂಟು, ಒಡೆಯುವುದು.

ಮೊದಲ ಕುತ್ತಿಗೆ ಅಗಲವಾಯಿತು. ಬದಿಯಲ್ಲಿ ಕೆಂಡ ಆರಿದ ಕಡೆ ಹೊಗೆ ಹಾಗೇ ನುಸುಳಿ, ಇಂಜಿನ್ನಿನ ವಾಲ್ವು ಬೆಲ್ಲದ ಪಾಕಕ್ಕೆ ಅಂಟಿದಂತೆ ಅಂಟಿಕೊಂಡಿತು. ಹೆಡ್ ಬಿಚ್ಚಿ ಒಂದು ಇಡೀ ದಿನ ಸೀಮೆಎಣ್ಣೆಯಲ್ಲಿ ತಿಕ್ಕಿದೆ. ಕುತ್ತಿಗೆ ಕಿರಿದು ಮಾಡಿದ ಮೇಲೂ ಟಾರ್ ನಿಲ್ಲಲಿಲ್ಲ. ತಪ್ಪು ಒಲೆಯದಲ್ಲ, ಮಳೆಗೆ ನೆಂದ ಚಿಪ್ಪಿನದು. ಈಗ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಎರಡು ಬೆರಳಗಲಕ್ಕೆ ಒಡೆದೇ ಹಾಕುತ್ತೇನೆ. ಕೊನೆಗೆ ಮರದ ಹೊಟ್ಟಿನ ಫಿಲ್ಟರ್.

ಈ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಸಾರಜನಕ. ಉರಿಯುವುದು ಮುಖ್ಯವಾಗಿ ಕಾರ್ಬನ್ ಮೊನಾಕ್ಸೈಡ್ ಮತ್ತು ಜಲಜನಕ, ತಲಾ ನೂರಕ್ಕೆ ಇಪ್ಪತ್ತರ ಆಸುಪಾಸು. ಮೊನಾಕ್ಸೈಡಿಗೆ ವಾಸನೆಯಿಲ್ಲ. ಒಮ್ಮೆ ಶೆಟರ್ ಅರ್ಧ ಎಳೆದುಕೊಂಡು ಕೆಲಸ ಮಾಡಿ, ತಲೆ ಸುತ್ತಿ ಹೊಸ್ತಿಲ ಮೇಲೆ ಕೂತುಬಿಟ್ಟೆ. ಅಂದಿನಿಂದ ಒಲೆ ಬಯಲಲ್ಲೇ.

ಡೀಸೆಲ್ ಪೂರ್ತಿ ನಿಲ್ಲಿಸಲಾಗದು. ಸ್ಪಾರ್ಕ್ ಪ್ಲಗ್ ಇಲ್ಲದ ಇಂಜಿನ್ನಿಗೆ ಹತ್ತಿಸಲು ಸ್ವಲ್ಪ ಬೇಕೇ ಬೇಕು. ಗಂಟೆಗೆ ಒಂದು ಲೀಟರಿನ ಮೇಲೆ ಕುಡಿಯುತ್ತಿದ್ದದ್ದು ಈಗ ಅರ್ಧ ಲೀಟರಿಗಿಂತ ಕೆಳಗಿದೆ. ಎಣ್ಣೆ ಡ್ರಮ್ಮನ್ನು ಪರವಾನಗಿ ಇರುವ ಮರುಬಳಕೆಯವರಿಗೆ ಕಳಿಸಿದೆ. ಆ ಜಾಗದಲ್ಲಿ ಈಗ ಚಿಪ್ಪು ಒಣಗುತ್ತದೆ, ಹಪ್ಪಳ ಹಾಕಲು ಜಾಗವಿಲ್ಲ ಅನ್ನುವುದು ಹೆಂಡತಿಯ ಹೊಸ ತಕರಾರು.